ತಾಲ್ಲೂಕು ಬಂತು, ಹೋಬಳಿ ಬರಲಿಲ್ಲ

ಆಷಾಢದ ಮಳೆ. ಕುಮಟಾ ಪೇಟೆಯ ಜೆರಾಕ್ಸ್ ಅಂಗಡಿಯೊಂದರ ಮಾಡಿನಿಂದ ನೀರು ಧಾರೆಯಾಗಿ ಸುರಿಯುತ್ತಿದೆ. ಮಡಚಿದ ಕೊಡೆಯನ್ನು ಬಾಗಿಲ ಬಳಿ ಒರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ಎದೆಗೆ ಅವಚಿಕೊಂಡು ಹಿರಿಯ ರೈತರೊಬ್ಬರು ನಿಂತಿದ್ದಾರೆ. ಅಡಿಕೆ ತೋಟದ ಬೆಳೆ ವಿಮೆಗೆ ಅಂದೇ ಕೊನೆಯ ದಿನ. ಸೊಸೈಟಿಯವರು ಪಹಣಿ ಕೇಳಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಜಿಲ್ಲೆ ಎಂಬಲ್ಲಿ ‘ಉತ್ತರ ಕನ್ನಡ’ ಒತ್ತುತ್ತಾನೆ. ತಾಲ್ಲೂಕು ಎಂಬಲ್ಲಿ ‘ಕುಮಟಾ’ ಒತ್ತುತ್ತಾನೆ. ಇನ್ನು ಹೋಬಳಿಗಳ ಪಟ್ಟಿ ತೆರೆಯಬೇಕು. ತೆರೆಯುವುದಿಲ್ಲ. ಪರದೆಯ ನಡುವೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇರುತ್ತದೆ.

“ನಾಯ್ಕರೇ, ಸರ್ವರ್ ಡೌನ್ ಉಂಟು. ನಾಳೆ ಬನ್ನಿ.”

“ನಾಳೆ ಬಂದ್ರೆ ಎಂತ ಪ್ರಯೋಜನ ತಮ್ಮಾ? ಇವತ್ತೇ ಕಡೇ ದಿನ. ಜಿಲ್ಲೆ ಬಂತು, ತಾಲ್ಲೂಕು ಬಂತು, ನಮ್ಮ ಹೋಬಳಿ ಮಾತ್ರ ಎಲ್ಲಿ ಹೋಯ್ತು?”

ಭಟ್ಕಳದಲ್ಲಾಗಲಿ, ಹೊನ್ನಾವರದಲ್ಲಾಗಲಿ, ಕುಮಟಾದಲ್ಲಾಗಲಿ ಇಂಥ ಮಾತುಕತೆ ಹೊಸದಲ್ಲ. ಪಹಣಿಯ ಜಾಗದಲ್ಲಿ ಒಮ್ಮೆ ವಿದ್ಯಾರ್ಥಿವೇತನದ ಅರ್ಜಿ ಇರಬಹುದು, ಒಮ್ಮೆ ಪರೀಕ್ಷೆಯ ಫಲಿತಾಂಶ, ಒಮ್ಮೆ ರೈಲಿನ ಟಿಕೆಟ್ಟು. ಉತ್ತರ ಮಾತ್ರ ಒಂದೇ: ಸರ್ವರ್ ಡೌನ್. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ದೂರದ ಕಂಪ್ಯೂಟರ್ ಪೂರ್ತಿ ಮಲಗಿದ್ದರೆ ಪುಟವೇ ತೆರೆಯಬಾರದಿತ್ತು. ಜಿಲ್ಲೆ, ತಾಲ್ಲೂಕು ಬಂದು ಹೋಬಳಿ ಬರಲಿಲ್ಲ ಎಂದರೆ ತೊಂದರೆ ಎಲ್ಲೋ ನಡುವೆ ಇದೆ. ಹೀಗೆ ನೋಡಿದರೆ, ಹುಡುಗನ ಉತ್ತರಕ್ಕಿಂತ ಹಿರಿಯರ ಪ್ರಶ್ನೆಯೇ ಹೆಚ್ಚು ವೈಜ್ಞಾನಿಕವಾದದ್ದು.

ಎಲೆ ಮೊದಲು, ಅನ್ನ ಆಮೇಲೆ

ಜಾಲಪುಟವೆಂದರೆ ಅಚ್ಚಾದ ಕಾಗದದಂತೆ ಒಮ್ಮೆಲೇ ಬರುವ ವಸ್ತು ಎಂದು ಹಲವರು ತಿಳಿದಿದ್ದಾರೆ. ಮೊದಮೊದಲು ಅದು ಹಾಗೆಯೇ ಇತ್ತು. ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟು, 1990ರಲ್ಲಿ ಮೊದಲ ಬ್ರೌಸರ್ ಬರೆದಾಗ ಒಂದು ಕೊಂಡಿ ಒತ್ತಿದರೆ ಒಂದು ಪೂರ್ತಿ ಪುಟ ಬರುತ್ತಿತ್ತು. ಬೇರೆ ಸಂಗತಿ ಬೇಕಿದ್ದರೆ ಮತ್ತೊಂದು ಪೂರ್ತಿ ಪುಟ ತರಿಸಬೇಕಿತ್ತು.

ಪಹಣಿಯ ಕೆಲಸಕ್ಕೆ ಈ ಪದ್ಧತಿ ಒಗ್ಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29 ಸಾವಿರಕ್ಕೂ ಹೆಚ್ಚು ಹಳ್ಳಿಗಳಿವೆ. ‘ಹೊನ್ನಾವರ’ ಎಂಬ ಒಂದು ಹೆಸರನ್ನು ಇಂದಿನ ರೂಢಿಯ ಯುನಿಕೋಡ್ ಕ್ರಮದಲ್ಲಿ ಬರೆದಿಡಲು 24 ಬೈಟ್ ಬೇಕು. ಹಳ್ಳಿಗೆ 25 ಬೈಟ್ ಎಂದು ಹಿಡಿದರೂ ಎಲ್ಲ ಹೆಸರುಗಳಿಗೆ ಏಳು ಲಕ್ಷ ಬೈಟ್ ದಾಟುತ್ತದೆ. ದೂರವಾಣಿ ತಂತಿಯ ಹಳೆಯ 56 ಕಿಲೋಬಿಟ್ ಮೋಡೆಮ್ ಅತಿ ವೇಗದಲ್ಲಿ ಓಡಿದರೂ ಅಷ್ಟನ್ನು ತರಲು ಒಂದೂಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಕುಮಟಾದ ರೈತನಿಗೆ ಬೀದರದ ಹಳ್ಳಿಗಳ ಹೆಸರಿನಿಂದ ಆಗಬೇಕಾದದ್ದೂ ಏನಿಲ್ಲ.

ಆದ್ದರಿಂದ ಇಂದಿನ ಪುಟಗಳು ನಮ್ಮ ಪಂಕ್ತಿ ಊಟದ ಕ್ರಮವನ್ನು ಅನುಸರಿಸುತ್ತವೆ. ಮೊದಲು ಬಾಳೆಎಲೆ ಬರುತ್ತದೆ. ಉಣ್ಣುವವರು ಏನು ಕೇಳುತ್ತಾರೋ ಅದನ್ನು ಬಡಿಸುವವರು ಒಳಗಿನಿಂದ ತಂದು ಬಡಿಸುತ್ತಾರೆ. ಇನ್ನಷ್ಟು ಸಾರು ಬೇಕೆಂದರೆ ಎಲೆ ಎತ್ತಿ ಹೊಸ ಎಲೆ ಹಾಕುವುದಿಲ್ಲ. ಹಾಗೆಯೇ ಮೊದಲು ಪುಟದ ಚೌಕಟ್ಟು ಬರುತ್ತದೆ. ನೀವು ‘ಕುಮಟಾ’ ಎಂದು ಆರಿಸಿದ ಕೂಡಲೇ ಪುಟದೊಳಗಿನ ಜಾವಾಸ್ಕ್ರಿಪ್ಟ್ ಎಂಬ ಕಾರ್ಯಸೂಚಿ ದೂರದ ಕಂಪ್ಯೂಟರಿಗೆ ಸದ್ದಿಲ್ಲದೆ ಒಂದು ಕೋರಿಕೆ ಕಳಿಸಿ, ಬಂದ ಉತ್ತರವನ್ನು ಹೋಬಳಿಯ ಪೆಟ್ಟಿಗೆಯಲ್ಲಿ ತುಂಬುತ್ತದೆ. ಮತ್ತೆ ಹೋಬಳಿ ಆರಿಸಿದರೆ ಗ್ರಾಮ, ಗ್ರಾಮ ಆರಿಸಿದರೆ ಸರ್ವೆ ನಂಬರು.

ಇಲ್ಲಿ ತೊಂದರೆ ಮೂರು ಕಡೆ ಆಗಬಹುದು. ಕೋರಿಕೆ ಹೊರಡದೇ ಇರಬಹುದು. ಹೊರಟರೂ ಸರಿಯಾದ ಉತ್ತರ ಬಾರದೇ ಇರಬಹುದು. ಉತ್ತರ ಬಂದರೂ ಅದನ್ನು ಎಲೆಗೆ ಬಡಿಸುವುದು ಹೇಗೆಂದು ಬ್ರೌಸರಿಗೆ ತಿಳಿಯದೇ ಇರಬಹುದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ರೀತಿ: ಸುತ್ತುವ ಚಕ್ರ. ರೋಗ ಮೂರು, ಲಕ್ಷಣ ಒಂದು.

ಬ್ರೌಸರುಗಳ ಹಳೇ ಜಗಳ

ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಈ ಸಮಸ್ಯೆ ಇರಲಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲೇ ಅಚ್ಚಾದ ಪ್ರತಿ ಸಿಗುತ್ತಿತ್ತು. ಅಲ್ಲಿದ್ದದ್ದು ಕಚೇರಿಯದೇ ಕಂಪ್ಯೂಟರ್, ಅದಕ್ಕೆಂದೇ ಬರೆದ ತಂತ್ರಾಂಶ. ಸೇವೆ ಅಂತರಜಾಲಕ್ಕೆ ಬಂದ ಮೇಲೆ ಕಿಟಕಿ ಒಂದಲ್ಲ, ಸಾವಿರ ಬಗೆಯದು. ಅಂಗಡಿಯ ಹತ್ತು ವರ್ಷದ ಕಂಪ್ಯೂಟರ್, ಮಗಳ ಹೊಸ ಮೊಬೈಲು, ಮುಂಬಯಿಯಲ್ಲಿರುವ ತಮ್ಮನ ಲ್ಯಾಪ್‌ಟಾಪ್, ಎಲ್ಲದರಲ್ಲೂ ಅದೇ ಪುಟ ತೆರೆಯಬೇಕು.

ಬ್ರೌಸರುಗಳು ಎಲ್ಲವೂ ಒಂದೇ ಭಾಷೆ ಆಡುತ್ತಿರಲಿಲ್ಲ. ಭಟ್ಕಳದ ನವಾಯತಿ, ಕುಮಟಾದ ಕೊಂಕಣಿ ಎರಡೂ ಅಕ್ಕತಂಗಿಯರಂತಿದ್ದರೂ ಒಂದರ ಮಾತು ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲವಲ್ಲ, ಹಾಗೆ. 1994ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಬಂತು. ಮರುವರ್ಷ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂತು. 1997ರಲ್ಲಿ ಎರಡೂ ತಮ್ಮ ನಾಲ್ಕನೆಯ ಆವೃತ್ತಿಯನ್ನು ಹೊರತಂದು, ತೆರೆದ ಪುಟವನ್ನು ಅಲ್ಲಿಯೇ ಬದಲಿಸುವ ಸೌಲಭ್ಯ ಕೊಟ್ಟವು. ಆದರೆ ಒಂದರ ವಿಧಾನ ಒಂದು, ಇನ್ನೊಂದರದು ಬೇರೆ. ಪುಟ ಬರೆಯುವವರು ಒಂದೇ ಕೆಲಸಕ್ಕೆ ಎರಡೆರಡು ಬಾರಿ ಬರೆಯಬೇಕಾಯಿತು. 1998ರ ಅಕ್ಟೋಬರಿನಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟ ಸಮಾನ ಮಾನದಂಡವೊಂದನ್ನು ಪ್ರಕಟಿಸಿದರೂ ಅದು ಎಲ್ಲೆಡೆ ನೆಲೆಯೂರಲು ವರ್ಷಗಳೇ ಹಿಡಿದವು.

ಹಿನ್ನೆಲೆಯಲ್ಲಿ ಕೋರಿಕೆ ಕಳಿಸುವ ಉಪಾಯ ಮೊದಲು ಬಂದದ್ದು 1999ರಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯಲ್ಲಿ. ಅದು ‘ಆಕ್ಟಿವ್‌ಎಕ್ಸ್’ ಎಂಬ ಮೈಕ್ರೋಸಾಫ್ಟಿನದೇ ಬಿಡಿಭಾಗದ ಮೂಲಕ ಕೆಲಸ ಮಾಡುತ್ತಿತ್ತು. ಮೊಜಿಲ್ಲಾ, ಸಫಾರಿ ಮುಂತಾದವು ಅದೇ ಕೆಲಸವನ್ನು ಬೇರೆ ಹೆಸರಿನಿಂದ, ಬಿಡಿಭಾಗದ ಹಂಗಿಲ್ಲದೆ ಮಾಡತೊಡಗಿದವು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ನಕಾಶೆ ಇದೇ ಉಪಾಯದಿಂದ ಜನರ ಕಣ್ಣಿಗೆ ಬಿದ್ದವು. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ವಿನ್ಯಾಸಕಾರ ಇದಕ್ಕೆ ‘ಎಜಾಕ್ಸ್’ ಎಂದು ಹೆಸರಿಟ್ಟರು. ಆಕ್ಟಿವ್‌ಎಕ್ಸ್ ಇಲ್ಲದೆಯೂ ಈ ಕೋರಿಕೆ ಕಳಿಸಲು ಎಕ್ಸ್‌ಪ್ಲೋರರ್ ಕಲಿತದ್ದು 2006ರಲ್ಲಿ, ಏಳನೆಯ ಆವೃತ್ತಿಯಲ್ಲಿ.

ಎಕ್ಸ್‌ಪ್ಲೋರರ್ ಮನೆಮಾತಾಗಿದ್ದ ಕಾಲದಲ್ಲಿ ಅದೊಂದನ್ನೇ ನಂಬಿ ಬರೆದ ಪುಟಗಳು ಲೋಕದಲ್ಲೆಲ್ಲ ಉಳಿದುಕೊಂಡವು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿ ಕೊಟ್ಟಿತು. ಹಳೆಯ ಪುಟಗಳಿಗಾಗಿ ‘ಎಡ್ಜ್’ ಬ್ರೌಸರಿನಲ್ಲಿ ಎಕ್ಸ್‌ಪ್ಲೋರರ್ ಮೋಡ್ ಎಂಬ ಹಿಂಬಾಗಿಲನ್ನು ಕನಿಷ್ಠ 2029ರವರೆಗೆ ತೆರೆದಿಡುವುದಾಗಿ ಹೇಳಿದೆ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಕನ್ನಡಕ್ಕೆ ಈ ಜಗಳದ ಬಿಸಿ ಇನ್ನೂ ಜೋರಾಗಿ ತಟ್ಟಿತು. 1990ರ ದಶಕದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿದ್ದವು. ಪುಟದ ಜೊತೆಗೆ ಫಾಂಟನ್ನೂ ಕಳಿಸುವ ಉಪಾಯ ಬಂದಾಗ ನೆಟ್‌ಸ್ಕೇಪಿನ ವಿಧಾನ ಒಂದು, ಎಕ್ಸ್‌ಪ್ಲೋರರಿನದು ಇನ್ನೊಂದು. ಒಂದರಲ್ಲಿ ಚೆಂದದ ಕನ್ನಡ ತೋರಿದ ಪುಟ ಮತ್ತೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್‌ನಲ್ಲಿ ‘ತುಂಗಾ’ ಫಾಂಟಿನೊಂದಿಗೆ ಅದು ಸಾಮಾನ್ಯರ ಕೈಗೆ ಬಂದದ್ದು 2001ರಲ್ಲಿ ಬಂದ ಎಕ್ಸ್‌ಪಿ ಆವೃತ್ತಿಯಿಂದ.

ಯುನಿಕೋಡ್ ಬಂದ ಮೇಲೂ ಒಂದು ಸೂಕ್ಷ್ಮ ಉಳಿದಿದೆ. ‘ಹೊನ್ನಾವರ’ದ ಮೊದಲ ಅಕ್ಷರವನ್ನೇ ನೋಡಿ. ‘ಹ’ಕ್ಕೆ ಒತ್ವದ ಒಂದೇ ಸಂಕೇತ ಸೇರಿಸಿ ‘ಹೊ’ ಬರೆಯಬಹುದು. ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡುವ ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಹೆಸರುಗಳು. ಇವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಇಂದಿನ ಬ್ರೌಸರುಗಳಲ್ಲಿದೆ. ಹಳೆಯ ಎಕ್ಸ್‌ಪ್ಲೋರರಿನಲ್ಲಿ ಇರಲಿಲ್ಲ. ಪುಟ ಬರೆದವರು ಇದನ್ನು ಗಮನಿಸದಿದ್ದರೆ ಕಣ್ಣೆದುರು ಇರುವ ಹೊನ್ನಾವರವನ್ನೇ ಕಂಪ್ಯೂಟರ್ ‘ಇಲ್ಲ’ ಎಂದೀತು.

ಒಂದು ಚಿಹ್ನೆಗೆ ಇಡೀ ಪಟ್ಟಿ

ಹಳೆಯ ಬ್ರೌಸರಿನಲ್ಲಿ ಚೌಕಟ್ಟು ಬಂದು ಒಳಗಿನದು ಬಾರದಿರಲು ಮುಖ್ಯ ಕಾರಣವೊಂದಿದೆ. ಪುಟದ ಚೌಕಟ್ಟನ್ನೂ ಬಣ್ಣವನ್ನೂ ವಿವರಿಸುವ ಭಾಷೆಗಳು ಉದಾರಿಗಳು. ಗೊತ್ತಿಲ್ಲದ ಪದ ಬಂದರೆ ಬ್ರೌಸರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಜಾವಾಸ್ಕ್ರಿಪ್ಟ್ ಹಾಗಲ್ಲ. 2020ರ ಸುಮಾರಿಗೆ ಬಳಕೆಗೆ ಬಂದ ಹೊಸ ಚಿಹ್ನೆಯೊಂದು ಅದರಲ್ಲಿದ್ದು, ಅದಕ್ಕಿಂತ ಹಳೆಯ ಬ್ರೌಸರ್ ಅದನ್ನು ಓದಲು ಹೊರಟರೆ ಆ ಚಿಹ್ನೆಯನ್ನಷ್ಟೇ ಬಿಡುವುದಿಲ್ಲ, ಆ ಕಡತವನ್ನೇ ತಿರಸ್ಕರಿಸುತ್ತದೆ. ಒಂದು ಚಿಹ್ನೆಯ ದೆಸೆಯಿಂದ ಹೋಬಳಿಯೂ ಇಲ್ಲ, ಗ್ರಾಮವೂ ಇಲ್ಲ.

ಮತ್ತೆ ಕೆಲವು ಪುಟಗಳು ಬ್ರೌಸರಿಗೆ ‘ನೀನು ಯಾರು?’ ಎಂದು ಕೇಳಿ, ಹೆಸರು ನೋಡಿ ಒಳಗೆ ಬಿಡುತ್ತವೆ. ಇದರ ಫಲ ವಿಚಿತ್ರ. ಹಿಂದೆ ನೆಟ್‌ಸ್ಕೇಪಿಗೆ ಸಿಗುತ್ತಿದ್ದ ಮರ್ಯಾದೆ ತಮಗೂ ಸಿಗಲೆಂದು ಬೇರೆ ಬ್ರೌಸರುಗಳೂ ಅದರ ‘ಮೊಜಿಲ್ಲಾ’ ಎಂಬ ಹೆಸರನ್ನೇ ಹೇಳತೊಡಗಿದವು. ಇಂದಿನ ಕ್ರೋಮ್ ಕೂಡ ತನ್ನ ಪರಿಚಯವನ್ನು ಆ ಪದದಿಂದಲೇ ಆರಂಭಿಸುತ್ತದೆ. 2009ರಲ್ಲಿ ಒಪೆರಾ ಬ್ರೌಸರಿನ ಹತ್ತನೆಯ ಆವೃತ್ತಿ ಬಂದಾಗ ಕೆಲವು ತಾಣಗಳು 10ರ ಮೊದಲ ಅಂಕಿಯನ್ನಷ್ಟೇ ಓದಿ, ಇದು ಒಂದನೆಯ ಆವೃತ್ತಿ ಎಂದು ತಿಳಿದವು. ಕೊನೆಗೆ ಒಪೆರಾ ತನ್ನ ಪರಿಚಯದ ಮೊದಲಿಗೆ 9.80 ಎಂದೇ ಬರೆದುಕೊಳ್ಳಬೇಕಾಯಿತು. ‘ನೀನು ಯಾರು’ ಎನ್ನುವುದಕ್ಕಿಂತ ‘ನಿನಗೆ ಈ ಕೆಲಸ ಬರುತ್ತದೆಯೇ’ ಎಂದು ಕೇಳುವುದೇ ಸರಿಯಾದ ಕ್ರಮ.

ಅಂಗಡಿಯಲ್ಲೇ ಒಂದು ಪ್ರಯೋಗ

ಹಾಗಾದರೆ ‘ನಾಳೆ ಬನ್ನಿ’ ಎನ್ನುವ ಮೊದಲು ಏನು ಮಾಡಬಹುದು? ಶಾಲೆಯ ಪ್ರಯೋಗಾಲಯದ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಫಲ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಪುಟ ತೆರೆದರೂ ಕಾರಣ ತಿಳಿಯುವುದಿಲ್ಲ, ನಾಳೆ ಮತ್ತೆ ಅದೇ ತೊಂದರೆ.

ಮೊದಲನೆಯದು, ಅದೇ ಪುಟವನ್ನು ಅದೇ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆಯುವುದು. ಕ್ರೋಮ್‌ನಲ್ಲಿ ಇದಕ್ಕೆ ಇನ್‌ಕಾಗ್ನಿಟೋ ಎನ್ನುತ್ತಾರೆ. ಬ್ರೌಸರ್ ಹಿಂದೆ ಕೂಡಿಟ್ಟ ಪ್ರತಿಗಳನ್ನು ಈ ಕಿಟಕಿ ಬಳಸುವುದಿಲ್ಲ. ಇಲ್ಲಿ ಪಟ್ಟಿ ಬಂದರೆ ದೋಷ ಕೂಡಿಟ್ಟ ಹಳೆಯ ಪ್ರತಿಯಲ್ಲಿದೆ ಅಥವಾ ಬ್ರೌಸರಿಗೆ ಸೇರಿಸಿದ ಯಾವುದೋ ಬಿಡಿ ತಂತ್ರಾಂಶದಲ್ಲಿದೆ ಎಂದರ್ಥ. ಕಂಟ್ರೋಲ್, ಶಿಫ್ಟ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬ್ರೌಸರ್ ಹಳೆಯ ಪ್ರತಿ ಬಿಟ್ಟು ಹೊಸದನ್ನು ತರುತ್ತದೆ.

ಎರಡನೆಯದು, ಬೇರೆ ಬ್ರೌಸರ್. ಕ್ರೋಮ್‌ನಲ್ಲಿ ಬಾರದ್ದು ಫೈರ್‌ಫಾಕ್ಸ್ ಅಥವಾ ಎಡ್ಜ್‌ನಲ್ಲಿ ಬಂದೀತು. ಮೂರನೆಯದು, ಬೇರೆ ಯಂತ್ರ. ಪೇಟೆಯ ಅಂಗಡಿಗಳಲ್ಲಿ ವಿಂಡೋಸ್ 7 ಇರುವ ಯಂತ್ರಗಳು ಇನ್ನೂ ಇದ್ದರೆ ಆಶ್ಚರ್ಯವಿಲ್ಲ. 2023ರ ಫೆಬ್ರುವರಿಯ ನಂತರ ಕ್ರೋಮ್‌ನ ಹೊಸ ಆವೃತ್ತಿಗಳು ಅವುಗಳಿಗೆ ಬರುತ್ತಿಲ್ಲ. ಹೊಸ ಪುಟಗಳಿಗೆ ಅವು ದಿನದಿನಕ್ಕೆ ಅಪರಿಚಿತವಾಗುತ್ತಿವೆ.

ನಾಲ್ಕನೆಯದು, ಗಡಿಯಾರ. ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗುತ್ತದೆ. ಕಂಪ್ಯೂಟರಿನೊಳಗಿನ ನಾಣ್ಯದಾಕಾರದ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟು ಬಂದಾಗ ಅದು ಹಳೆಯದೊಂದು ವರ್ಷ ತೋರಿಸುತ್ತದೆ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಕ್ತಾಯದ ದಿನ ಎಂದಿರುತ್ತದೆ. ತಪ್ಪು ದಿನಾಂಕದ ಯಂತ್ರ ಸರಿಯಾದ ಪ್ರಮಾಣಪತ್ರವನ್ನೂ ನಂಬುವುದಿಲ್ಲ. ಆಗ ಬೇಕಾದದ್ದು ದಿನಾಂಕವನ್ನು ಸರಿಮಾಡುವುದು. ಎಚ್ಚರಿಕೆಯನ್ನು ಲೆಕ್ಕಿಸದೆ ‘ಮುಂದುವರಿಯಿರಿ’ ಒತ್ತುವುದಲ್ಲ.

ಐದನೆಯದು, ಅನುವಾದ. ಪುಟವನ್ನು ಇಂಗ್ಲಿಷಿಗೆ ತಾನಾಗಿ ಅನುವಾದಿಸುವ ಸೌಲಭ್ಯ ಚಾಲೂ ಇದ್ದರೆ ಅದು ಪುಟದ ಅಕ್ಷರಗಳನ್ನು ಕಿತ್ತು ಬೇರೆ ಜೋಡಿಸುತ್ತದೆ. ಅಲ್ಲಿಯೇ ಹೊಸ ಪಟ್ಟಿ ಇಡಲು ಬರುವ ಜಾವಾಸ್ಕ್ರಿಪ್ಟ್ ಕೆಲವೊಮ್ಮೆ ಇದರಿಂದ ತಬ್ಬಿಬ್ಬಾಗುತ್ತದೆ. ಆರನೆಯದು, ಪಾಪ್‌ಅಪ್. ಎಲ್ಲ ತುಂಬಿದ ಮೇಲೂ ಪ್ರತಿ ಕಾಣದಿದ್ದರೆ, ಅದು ತೆರೆಯಬೇಕಾದ ಹೊಸ ಕಿಟಕಿಯನ್ನು ಬ್ರೌಸರ್ ತಡೆದಿರಬಹುದು. ವಿಳಾಸಪಟ್ಟಿಯ ತುದಿಯ ಸಣ್ಣ ಗುರುತು ಒತ್ತಿ ಆ ತಾಣಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಇಷ್ಟಾದರೂ ಬಗೆಹರಿಯದಿದ್ದರೆ ಎಫ್ 12 ಕೀಲಿ ಒತ್ತಿ, ‘ನೆಟ್‌ವರ್ಕ್’ ಎಂಬ ಭಾಗ ತೆರೆದು, ಮತ್ತೊಮ್ಮೆ ತಾಲ್ಲೂಕು ಆರಿಸಬೇಕು. ಹೊಸ ಸಾಲು ಮೂಡದಿದ್ದರೆ ಕೋರಿಕೆ ಹೊರಟೇ ಇಲ್ಲ. ಪುಟ ಮತ್ತು ಬ್ರೌಸರಿಗೆ ಹೊಂದಾಣಿಕೆಯಾಗಿಲ್ಲ. ಸಾಲಿನ ಪಕ್ಕದಲ್ಲಿ 404 ಎಂದಿದ್ದರೆ ಕೇಳಿದ ವಿಳಾಸದಲ್ಲಿ ಏನೂ ಇಲ್ಲ. 500 ಅಥವಾ 503 ಇದ್ದರೆ ತೊಂದರೆ ಆ ಕಡೆಯದು. ಆಗ ಮಾತ್ರ ‘ಸರ್ವರ್ ಡೌನ್’ ಎನ್ನುವ ಮಾತಿಗೆ ಆಧಾರವಿದೆ. 200 ಇದ್ದು, ಉತ್ತರದಲ್ಲಿ ಹೋಬಳಿಗಳ ಹೆಸರಿದ್ದೂ ಪೆಟ್ಟಿಗೆ ಖಾಲಿ ಇದ್ದರೆ, ಅಡುಗೆ ಬಂದಿದೆ, ಬಡಿಸಲು ಬರುತ್ತಿಲ್ಲ. ಇದನ್ನೆಲ್ಲ ನೋಡಲು ಎರಡು ನಿಮಿಷ ಸಾಕು. ಆ ಸಂಖ್ಯೆಯನ್ನು ಬರೆದುಕೊಂಡು ಸಹಾಯವಾಣಿಗೆ ಹೇಳಿದರೆ, ‘ಪುಟ ಬರ್ತಾ ಇಲ್ಲ’ ಎನ್ನುವ ದೂರಿಗಿಂತ ಬೇಗ ಪರಿಹಾರ ಸಿಕ್ಕೀತು.

ಹೊಣೆ ಯಾರದು?

ಇಷ್ಟೆಲ್ಲ ತಿಳಿಯಬೇಕಾದದ್ದು ಅಡಿಕೆ ಬೆಳೆಗಾರರೇ, ಅಂಗಡಿಯ ಹುಡುಗನೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹೆಚ್ಚಿನ ಹೊಣೆ ಪುಟ ಕಟ್ಟುವವರದೇ. ಸುತ್ತುವ ಚಕ್ರಕ್ಕೆ ಒಂದು ಮಿತಿ ಬೇಕು. ಇಷ್ಟು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ‘ಪಟ್ಟಿ ಬರಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ಅಚ್ಚಗನ್ನಡದಲ್ಲಿ ಹೇಳಬೇಕು. ಹಳೆಯ ಬ್ರೌಸರಿಗೆ ಹಿನ್ನೆಲೆಯ ಕೋರಿಕೆ ಆಗದಿದ್ದರೆ, ಒಂದು ಗುಂಡಿ ಒತ್ತಿ ಪೂರ್ತಿ ಪುಟವನ್ನೇ ತರಿಸುವ ಹಳೆಯ ದಾರಿಯಾದರೂ ತೆರೆದಿರಬೇಕು. ಅದು ನಿಧಾನ, ಆದರೆ ಮುಟ್ಟಿಸುತ್ತದೆ. ಮುಖ್ಯವಾಗಿ, ಪುಟವನ್ನು ಪರೀಕ್ಷಿಸುವಾಗ ರಾಜಧಾನಿಯ ಹೊಸ ಕಂಪ್ಯೂಟರಿನ ಜೊತೆಗೆ ಗೇರುಸೊಪ್ಪೆಯ ಕಡೆಯ ಗುಡ್ಡದ ಮರೆಯಲ್ಲಿ ಸಿಗ್ನಲ್ಲಿಗಾಗಿ ಅಂಗಳದ ತುದಿಗೆ ಓಡುವ ಹಳೆಯ ಮೊಬೈಲನ್ನೂ ನೆನೆಯಬೇಕು.

ಕುಮಟಾದ ಆ ಅಂಗಡಿಯ ಹುಡುಗನೂ ಕೊನೆಗೆ ಒಂದು ಖಾಸಗಿ ಕಿಟಕಿ ತೆರೆದು ನೋಡುತ್ತಾನೆ. ಉತ್ತರ ಕನ್ನಡ, ಕುಮಟಾ ಒತ್ತಿದ್ದೇ ತಡ, ಗೋಕರ್ಣ, ಮಿರ್ಜಾನ ಎಂದು ಹೋಬಳಿಗಳು ಸಾಲಾಗಿ ಮೂಡುತ್ತವೆ. ತಾಣದಲ್ಲಿ ವಿಳಾಸ ಬದಲಾಗಿದೆ. ಅಂಗಡಿಯ ಬ್ರೌಸರ್ ಮಾತ್ರ ಕೂಡಿಟ್ಟ ಹಳೆಯ ಪ್ರತಿಯನ್ನು ನಂಬಿ, ಇಲ್ಲದ ಬಾಗಿಲನ್ನೇ ತಟ್ಟುತ್ತಿತ್ತು. ಮುದ್ರಣ ಯಂತ್ರ ಸದ್ದು ಮಾಡಿ ಬಿಸಿ ಕಾಗದವನ್ನು ಹೊರಹಾಕುತ್ತದೆ.

“ಸರ್ವರ್ ಸರಿಯಾಯ್ತೋ?”

“ಸರ್ವರ್ ಸರಿಯೇ ಇತ್ತು ನಾಯ್ಕರೇ. ನಮ್ಮದೇ ಸರಿ ಇರ್ಲಿಲ್ಲ.”

ಹಿರಿಯರು ಕಾಗದವನ್ನು ಒದ್ದೆಯಾಗದಂತೆ ಚೀಲದೊಳಗೆ ಮಡಚಿಟ್ಟು, ಕೊಡೆ ಬಿಡಿಸಿ, ಸೊಸೈಟಿಯ ಬಾಗಿಲು ಮುಚ್ಚುವ ಮೊದಲು ತಲುಪಲು ಮಳೆಗೆ ಇಳಿಯುತ್ತಾರೆ. ಎರಡು ನಿಮಿಷದ ಆ ಪರೀಕ್ಷೆ ನಡೆಯದಿದ್ದರೆ ಅವರು ಬರಿಗೈಯಲ್ಲಿ ಮರಳಬೇಕಿತ್ತು. ಕೊಳೆರೋಗಕ್ಕೆ ತೋಟ ಬಲಿಯಾದ ವರ್ಷ ಆ ಒಂದು ದಿನದ ಬೆಲೆ ಎಷ್ಟೆಂದು ಕರಾವಳಿಯ ಯಾವ ಬೆಳೆಗಾರನನ್ನು ಕೇಳಿದರೂ ತಿಳಿಯುತ್ತದೆ.